ಮಷೀನಿನಲ್ಲಿ ನಗುಮುಖ, ಕಣ್ಣಲ್ಲಿ ಜೊಂಪು

'ರೀ, ನಿದ್ದೆ ಚೆನ್ನಾಗಿ ಬಂತಾ?' ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿ ಕೇಳುತ್ತಿದ್ದಳು. 'ತಾಳು, ನೋಡಿ ಹೇಳ್ತೀನಿ' ಎಂದು ನಾನು ಮಂಚದ ಪಕ್ಕದ ಮಷೀನಿನ ಗುಂಡಿ ಒತ್ತುತ್ತಿದ್ದೆ. ನಿದ್ದೆ ಮಾಡಿದವನು ನಾನು, ಸಾಕ್ಷಿ ಹೇಳುವುದು ಡಬ್ಬಿ! ಸಿಪ್ಯಾಪ್ ಮನೆಗೆ ಬಂದ ಮೊದಲ ಆರು ತಿಂಗಳು ನಮ್ಮಲ್ಲಿ ಹೀಗೇ ನಡೆಯಿತು. ಒಂದು ದಿನ ಪರದೆಯ ಮೇಲೆ, ತಾಸಿಗೆ ಎಷ್ಟು ಸಲ ಉಸಿರು ಕಟ್ಟಿತೆಂದು ಹೇಳುವ ಎಎಚ್‌ಐ 1.8 ಎಂದಿತ್ತು, ಜೊತೆಗೊಂದು ಹಸಿರು ನಗುಮುಖ. ಅದೇ ದಿನ ಹನ್ನೊಂದು ಗಂಟೆಯ ಮೀಟಿಂಗ್‌ನಲ್ಲಿ ನನ್ನ ಗದ್ದ ಎದೆಗೆ ತಾಗಿತ್ತು.

ಸ್ಲೀಪ್ ಅಪ್ನಿಯಾ ಇರುವವರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ಕಟ್ಟುತ್ತದೆ. ಮಾಸ್ಕಿನ ಮೂಲಕ ಗಾಳಿ ಊದಿ ಆ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಉಪಾಯವನ್ನು ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಅಂದಿನ ಯಂತ್ರ ಬರೀ ಊದುತ್ತಿತ್ತು. ಇಂದಿನದು ಊದುವುದರ ಜೊತೆಗೆ ಒಂದೊಂದು ಉಸಿರನ್ನೂ ಲೆಕ್ಕ ಬರೆದಿಡುತ್ತದೆ. ತೊಡಕು ಶುರುವಾಗುವುದು ಇಲ್ಲೇ. 'ಮಾಸ್ಕ್ ಇದ್ದಷ್ಟು ಹೊತ್ತು ಗಂಟಲು ತೆರೆದಿತ್ತೇ?' ಎಂಬ ಪ್ರಶ್ನೆಗೆ ಮಾತ್ರ ಮಷೀನು ಉತ್ತರ ಹೇಳಬಲ್ಲದು. 'ಸಾಕಷ್ಟು ನಿದ್ದೆ ಆಯಿತೇ?' ಎಂಬುದಕ್ಕೆ ಉತ್ತರ ನಮ್ಮ ಮೈಯಲ್ಲಿದೆ, ಅದೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಎರಡನ್ನೂ ಓದಬೇಕು, ಆದರೆ ಒಂದು ಕ್ರಮದಲ್ಲಿ.

ಮೊದಲ ಹೆಜ್ಜೆ: ಅಂಕಿ ನೋಡುವ ಮೊದಲು ಬರೆಯಿರಿ

ಅಂಕಿ ನೋಡಿದ ಮೇಲೆ ಮೈ ಕೂಡ ಅದಕ್ಕೆ ತಾಳ ಹಾಕುತ್ತದೆ. 1.8 ಕಂಡರೆ ಹುರುಪು, 7 ಕಂಡರೆ ತಲೆಭಾರ. ಹಾಗಾಗಿ ಮೊದಲು ಬರಹ, ಆಮೇಲೆ ಪರದೆ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ಕ್ಯಾಲೆಂಡರ್ ಇದ್ದರೆ ಅದೇ ಸಾಕು. ದಿನಕ್ಕೆರಡು ಗುರುತು: ಎದ್ದು ಒಂದು ಗಂಟೆ ಕಳೆದ ಮೇಲೆ ಒಂದು, ಸಂಜೆ ನಾಲ್ಕರ ಕಾಫಿಗೆ ಮೊದಲು ಇನ್ನೊಂದು. ಎದ್ದ ತಕ್ಷಣ ಬರೆಯಬೇಡಿ. ಆಗಿನ ಮಂಪರು ಆರೋಗ್ಯವಂತರಿಗೂ ಇರುತ್ತದೆ, ಅದರಿಂದ ರಾತ್ರಿಯ ನಿದ್ದೆಯನ್ನು ಅಳೆಯಲಾಗದು.

ಏನು ಬರೆಯಬೇಕು? ನಾನು ಎರಡೇ ಅಕ್ಷರ ಇಟ್ಟುಕೊಂಡೆ: 'ತೂ' ಅಂದರೆ ತೂಕಡಿಕೆ, 'ಸು' ಅಂದರೆ ಸುಸ್ತು. ಡಾಕ್ಟರ ಮುಂದೆ ನಾವು ಎರಡನ್ನೂ ಬೆರೆಸಿ 'ಒಂಥರಾ ಆಯಾಸ' ಅಂದುಬಿಡುತ್ತೇವೆ. ಪೇಪರು ಓದುತ್ತ ಕೂತಲ್ಲೇ ಕಣ್ಣು ಮುಚ್ಚಿದರೆ ಅದು ತೂಕಡಿಕೆ. ಮೆಟ್ಟಿಲು ಹತ್ತಲು ಮನಸ್ಸಿಲ್ಲ, ಆದರೆ ಮಲಗಿದರೂ ನಿದ್ದೆ ಬಾರದು ಎಂದರೆ ಅದು ಸುಸ್ತು. ತೂಕಡಿಕೆಯ ಬೇರು ಸಾಮಾನ್ಯವಾಗಿ ನಿದ್ದೆಯಲ್ಲಿರುತ್ತದೆ. ಸುಸ್ತಿನ ಬೇರು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆ, ಎಲ್ಲಿ ಬೇಕಾದರೂ ಇರಬಹುದು. ಸುಸ್ತಿಗೆ ಮಷೀನಿನ ಪ್ರೆಶರ್ ಏರಿಸಿ ಪ್ರಯೋಜನವಿಲ್ಲ.

ತಿಂಗಳಿಗೊಮ್ಮೆ ಎಪ್‌ವರ್ತ್ ಪ್ರಶ್ನಾವಳಿ ತುಂಬಿ. ಮೆಲ್ಬರ್ನಿನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ್ದು. ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಸುವ ಸಾಧ್ಯತೆಗೆ 0ರಿಂದ 3 ಅಂಕ, ಒಟ್ಟು 24. ಮೊತ್ತ 10 ದಾಟಿದರೆ ಹಗಲಿನ ತೂಕಡಿಕೆ ಹೆಚ್ಚಾಗಿದೆ ಎಂದು ಅರ್ಥ. ಸಾಧ್ಯವಾದರೆ ನಿಮ್ಮ ಬಗ್ಗೆ ಮನೆಯವರಿಂದಲೂ ಒಮ್ಮೆ ತುಂಬಿಸಿ. ನನಗೆ ನಾನು ಕೊಟ್ಟುಕೊಂಡದ್ದು 8, ಹೆಂಡತಿ ಕೊಟ್ಟದ್ದು 14.

ಎರಡನೆಯದು: ಎಎಚ್‌ಐಗಿಂತ ಮೊದಲು ಗಂಟೆ

'ದಿನಕ್ಕೆ 4 ಗಂಟೆ ಹಾಕಿದರೆ ಸಾಕು' ಎಂಬ ಮಾತು ಮಷೀನು ಮಾರುವವರಿಂದ ಹಿಡಿದು ಎಲ್ಲರ ಬಾಯಲ್ಲೂ ಇದೆ. ಅಮೆರಿಕದ ಮೆಡಿಕೇರ್ ವಿಮೆಯ ನಿಯಮದಲ್ಲೂ ಇದೇ ಗಡಿ ಇದೆ. ಒಂದರ ಹಿಂದೆ ಒಂದರಂತೆ 30 ದಿನಗಳಲ್ಲಿ ಶೇ 70ರಷ್ಟು ರಾತ್ರಿ 4 ಗಂಟೆ ಬಳಸಿದ್ದರೆ ದುಡ್ಡು ಕೊಡುತ್ತೇವೆ ಎಂಬ ಲೆಕ್ಕ. ಅದು ಹಣ ಪಾವತಿಯ ಗಡಿ, ಆರೋಗ್ಯದ ಗಡಿಯಲ್ಲ. ಟೆರ್ರಿ ವೀವರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಕೆ ಹೆಚ್ಚಿದಷ್ಟೂ ಸರಿಹೋದವರ ಪಾಲು ಏರುತ್ತ ಹೋಯಿತು. ಎಪ್‌ವರ್ತ್ ಅಂಕದಲ್ಲಿ ಆ ಏರಿಕೆ 4 ಗಂಟೆಯ ಹತ್ತಿರ ನಿಂತರೆ, ಪ್ರಯೋಗಾಲಯದಲ್ಲಿ ಅಳೆದ ತೂಕಡಿಕೆಯಲ್ಲಿ 6 ಗಂಟೆಯವರೆಗೆ, ದಿನನಿತ್ಯದ ಕೆಲಸಕಾರ್ಯದ ಮಟ್ಟದಲ್ಲಿ ಏಳೂವರೆ ಗಂಟೆಯವರೆಗೆ ಮುಂದುವರಿಯಿತು.

ಬೆಳಗಿನ ಜಾವದ ಗಂಟೆಗಳಿಗೆ ಇನ್ನೊಂದು ಮಹತ್ವವಿದೆ. ಕನಸಿನ ನಿದ್ದೆ, ಅಂದರೆ ಆರ್‌ಇಎಂ, ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಪಾಲಿನಲ್ಲಿ. ಆಗ ಸ್ನಾಯುಗಳು ಸಡಿಲಗೊಳ್ಳುವುದರಿಂದ ಬಹಳ ಮಂದಿಗೆ ಅಪ್ನಿಯಾ ಜೋರಾಗುವುದೂ ಆಗಲೇ. ನಾವು ಮಾಸ್ಕ್ ಕಿತ್ತೆಸೆಯುವುದೂ ಸರಿಯಾಗಿ ಅದೇ ಹೊತ್ತಿಗೆ.

ಈಗ ಒಂದು ಲೆಕ್ಕ ಮಾಡೋಣ. ಆಸ್ಪತ್ರೆಯ ನಿದ್ದೆ ಪರೀಕ್ಷೆಯಲ್ಲಿ, ಅಂದರೆ ಸ್ಲೀಪ್ ಸ್ಟಡಿಯಲ್ಲಿ, ನಿಮ್ಮ ಎಎಚ್‌ಐ 30 ಇತ್ತು ಎಂದುಕೊಳ್ಳಿ. ರಾತ್ರಿ 11ಕ್ಕೆ ಮಲಗಿದಿರಿ, 3ಕ್ಕೆ ಮಾಸ್ಕ್ ತೆಗೆದು 6ರವರೆಗೆ ಮಲಗಿದಿರಿ. ಬೆಳಿಗ್ಗೆ ಮಷೀನು 2 ಎನ್ನುತ್ತದೆ. ಆದರೆ 4 ಗಂಟೆ ತಾಸಿಗೆ 2ರಂತೆ 8, ಉಳಿದ 3 ಗಂಟೆ ತಾಸಿಗೆ 30ರಂತೆ 90, ಒಟ್ಟು 98. ಅದನ್ನು 7 ಗಂಟೆಗೆ ಹಂಚಿದರೆ 14. ಪರದೆ ಹೇಳಿದ್ದು 2, ಮೈ ಅನುಭವಿಸಿದ್ದು ಸುಮಾರು 14. ಡಬ್ಬಿ ಸುಳ್ಳು ಹೇಳಿಲ್ಲ, ತಾನು ಕಂಡಷ್ಟನ್ನು ಮಾತ್ರ ಹೇಳಿದೆ.

ಆಪ್‌ಗಳು ಕೊಡುವ 'ನೂರಕ್ಕೆ ಇಷ್ಟು' ಎಂಬ ಅಂಕವನ್ನೂ ಬಿಡಿಸಿ ನೋಡಿ. ರೆಸ್‌ಮೆಡ್‌ನ ಮೈಏರ್ ಆಪ್‌ನಲ್ಲಿ 100ರಲ್ಲಿ 70 ಅಂಕ ಬಳಸಿದ ಗಂಟೆಗೆ, 20 ಮಾಸ್ಕ್ ಸೋರದಿದ್ದುದಕ್ಕೆ. ಉಸಿರು ಎಷ್ಟು ಸಲ ಕಟ್ಟಿತು ಎಂಬುದಕ್ಕೆ ಬರೀ 5. ಅದು ಹಾಜರಾತಿಯ ಅಂಕ ಎಂದುಕೊಂಡರೆ ಸರಿ. ಮಾಸ್ಕ್ ಹಾಕಿಕೊಂಡು ಎಚ್ಚರವಾಗಿ ಸೀಲಿಂಗ್ ಫ್ಯಾನ್ ನೋಡುತ್ತ ಮಲಗಿದ್ದರೂ ಆ 70 ಸಿಗುತ್ತದೆ.

ಮೂರನೆಯದು: ಲೀಕ್

ಗಾಳಿ ಸೋರುತ್ತಿದ್ದರೆ ಎಎಚ್‌ಐಯನ್ನು ನಂಬುವಂತಿಲ್ಲ, ಏಕೆಂದರೆ ಮಷೀನು ಉಸಿರನ್ನು ಗುರುತಿಸುವುದೇ ಗಾಳಿಯ ಹರಿವಿನಿಂದ. ರೆಸ್‌ಮೆಡ್ ಮಷೀನುಗಳಲ್ಲಿ ಲೀಕ್ ನಿಮಿಷಕ್ಕೆ 24 ಲೀಟರ್ ದಾಟಬಾರದು. ಬೇರೆ ಕೆಲವು ಕಂಪನಿಗಳ ವರದಿಯಲ್ಲಿ ಮಾಸ್ಕಿನ ಸಣ್ಣ ತೂತುಗಳಿಂದ ಬೇಕೆಂದೇ ಹೊರಬಿಡುವ ಗಾಳಿಯೂ ಸೇರಿರುತ್ತದೆ. ಹಾಗಾಗಿ ನಿಮ್ಮ ಅಂಕಿಯನ್ನು ಭಾವಮೈದುನನ ಮಷೀನಿನ ಅಂಕಿಯ ಜೊತೆ ಹೋಲಿಸಬೇಡಿ.

ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಅಂಟುತ್ತಿದ್ದರೆ, ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ತೆರೆದು ಮಲಗಿದ್ದೀರಿ ಎಂದು ಊಹಿಸಬಹುದು. ಕಣ್ಣು ಉರಿದರೆ ಮೂಗಿನ ಮೇಲುಭಾಗದಿಂದ ಸೋರಿರಬಹುದು. ಗಡ್ಡ, ಮುಖಕ್ಕೆ ಹಚ್ಚಿದ ಕ್ರೀಮು, ಮಲಗುವ ಮುಂಚೆ ತಲೆಗೆ ತಟ್ಟಿದ ಕೊಬ್ಬರಿ ಎಣ್ಣೆ, ಎಲ್ಲವೂ ಮಾಸ್ಕ್ ಜಾರಲು ಕಾರಣ. ಸೋರಿದರೆ ಪಟ್ಟಿ ಬಿಗಿಯುವುದು ನಮ್ಮೆಲ್ಲರ ಮೊದಲ ಕೆಲಸ, ಅದರಿಂದ ಕುಶನ್ ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಕನ್ನಡಿ ಮುಂದೆ ನಿಂತು ಹೊಂದಿಸುವುದೂ ವ್ಯರ್ಥ. ಮಲಗಿ, ಗಾಳಿ ಬಿಟ್ಟುಕೊಂಡು, ಮಗ್ಗುಲು ಬದಲಿಸಿ ನೋಡಿ ಹೊಂದಿಸಿ.

ನಾಲ್ಕನೆಯದು: ಈಗ ಎಎಚ್‌ಐ

ತಾಸಿಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದೇ ಎಎಚ್‌ಐ. ಕನಿಷ್ಠ 10 ಸೆಕೆಂಡು ಇದ್ದರೆ ಒಂದು ಎಂದು ಎಣಿಕೆ. 5ರ ಒಳಗಿದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ಆದರೆ ಆಸ್ಪತ್ರೆಯ ಎಎಚ್‌ಐ ಮತ್ತು ಮಷೀನಿನ ಎಎಚ್‌ಐ ಹೆಸರು ಒಂದೇ ಆದರೂ ಒಂದೇ ಅಳತೆಯಲ್ಲ. ಆಸ್ಪತ್ರೆಯಲ್ಲಿ ತಲೆಗೆ ವೈರು, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು ಹಾಕಿ, ನಿದ್ದೆ ಮಾಡಿದ ಗಂಟೆಗಳಿಂದ ಭಾಗಿಸುತ್ತಾರೆ. ಮನೆಯ ಮಷೀನಿಗೆ ನೀವು ಎಚ್ಚರವಿದ್ದೀರೋ ಇಲ್ಲವೋ ತಿಳಿಯದು, ಮಾಸ್ಕ್ ಹಾಕಿದ ಗಂಟೆಗಳಿಂದ ಭಾಗಿಸುತ್ತದೆ. ನಿದ್ದೆ ಬಾರದೆ ಹೊರಳುವಾಗ ಉಸಿರು ಬಿಗಿಹಿಡಿದರೂ ಒಂದು ಎಣಿಕೆ ಬಿದ್ದೀತು.

ಆದ್ದರಿಂದ ಒಂದು ರಾತ್ರಿಯ ಅಂಕಿಗೆ ಬೆಲೆ ಕೊಡಬೇಡಿ. ನೆಗಡಿ, ಮದ್ಯ, ಅಂಗಾತ ಮಲಗಿದ್ದು, ಯಾವುದಾದರೂ ಅದನ್ನು ಏರಿಸಬಹುದು. ವಾರದ್ದನ್ನು ವಾರದ್ದರ ಜೊತೆ ನೋಡಿ. ಸರಾಸರಿ ಮಾತ್ರವಲ್ಲ, ರಾತ್ರಿ ರಾತ್ರಿಯ ಪಟ್ಟಿಯನ್ನೂ ನೋಡಿ.

ವರದಿಯಲ್ಲಿ 'ಸೆಂಟ್ರಲ್' ಅಥವಾ 'ಕ್ಲಿಯರ್ ಏರ್‌ವೇ' ಎಂಬ ಸಾಲಿರುತ್ತದೆ. ಗಂಟಲು ತೆರೆದೇ ಇದೆ, ಆದರೆ ಉಸಿರೆಳೆಯುವ ಯತ್ನ ನಡೆದಿಲ್ಲ ಎಂದು ಅದರ ಅರ್ಥ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಒಂದಿಷ್ಟು ಕಂಡು ಬಹಳ ಮಂದಿಯಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳುಗಳಾದರೂ ಇಳಿಯದಿದ್ದರೆ, ಅಥವಾ 'ಪೀರಿಯಾಡಿಕ್ ಬ್ರೀದಿಂಗ್', 'ಚೇನ್-ಸ್ಟೋಕ್ಸ್' ಎಂದು ಪದೇ ಪದೇ ತೋರಿಸಿದರೆ ಕಾಯದೆ ಡಾಕ್ಟರಿಗೆ ತೋರಿಸಿ. ಅದು ಹೃದಯದ ದೌರ್ಬಲ್ಯದ ಸೂಚನೆಯೂ ಆಗಿರಬಹುದು. ಇಂಥಲ್ಲಿ ಪ್ರೆಶರ್ ಏರಿಸಿದರೆ ಕೆಲವರಿಗೆ ಹೆಚ್ಚಾಗುತ್ತದೆ, ಸ್ವಂತ ಚಿಕಿತ್ಸೆ ಬೇಡವೆನ್ನುವುದು ಅದಕ್ಕೇ.

ಐದನೆಯದು: ಎರಡನ್ನೂ ಪಕ್ಕಪಕ್ಕ ಇಡಿ

ಎರಡು ವಾರ ಕಳೆದ ಮೇಲೆ ಕ್ಯಾಲೆಂಡರನ್ನೂ ವರದಿಯನ್ನೂ ಒಟ್ಟಿಗೆ ತೆಗೆಯಿರಿ. ಎರಡೂ ಚೆನ್ನಾಗಿದ್ದರೆ ಮುಚ್ಚಿಟ್ಟು ಕೆಲಸ ನೋಡಿಕೊಳ್ಳಿ, ದಿನಾ ನೋಡುವ ಗೀಳು ಬೇಡ. ಕೈಗಡಿಯಾರದ 'ಡೀಪ್ ಸ್ಲೀಪ್' ನಿಮಿಷಗಳನ್ನು ಇದಕ್ಕೆ ಬೆರೆಸುವುದಂತೂ ಬೇಡವೇ ಬೇಡ. ಅದು ನಾಡಿ, ಅಲುಗಾಟಗಳಿಂದ ಮಾಡಿದ ಅಂದಾಜು. ಅಂಥ ಅಂಕಿಗಳ ಬೆನ್ನು ಹತ್ತಿ ನಿದ್ದೆ ಕೆಡಿಸಿಕೊಂಡವರ ಬಗ್ಗೆ ಬರೆಯುತ್ತ ಅಮೆರಿಕದ ಸಂಶೋಧಕರು 2017ರಲ್ಲಿ 'ಆರ್ಥೋಸೋಮ್ನಿಯಾ' ಎಂಬ ಹೆಸರನ್ನೇ ಕೊಟ್ಟರು.

ಅಂಕಿ ಚೆನ್ನಾಗಿದೆ, ಆದರೆ ಹಗಲು ಜೊಂಪು ಹತ್ತುತ್ತದೆ ಎನ್ನುವವರೂ ಇದ್ದಾರೆ. ಮೊದಲು ಕೇಳಿಕೊಳ್ಳಬೇಕಾದದ್ದು ತೀರಾ ಸಾದಾ ಪ್ರಶ್ನೆ: ಒಟ್ಟು ಎಷ್ಟು ಹೊತ್ತು ಮಲಗಿದ್ದೀರಿ? ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವವರಿಗೆ ಯಾವ ಮಷೀನೂ ಏಳು ಗಂಟೆಯ ನಿದ್ದೆ ಕೊಡಲಾರದು. ಆಮೇಲೆ ಔಷಧಗಳು. ನೆಗಡಿ, ಅಲರ್ಜಿಗೆಂದು ನುಂಗುವ ಸೆಟಿರಿಜಿನ್‌ನಂಥ ಮಾತ್ರೆಯೂ ಮಂಪರು ತರಬಹುದು. ಮಲಗಿದಾಗ ಕಾಲು ಜುಮುಗುಟ್ಟಿ, ಆಡಿಸದೆ ಇರಲಾಗದಿದ್ದರೆ ಅದನ್ನು ಹೇಳಿ, ಕಬ್ಬಿಣದ ಕೊರತೆ ಅದಕ್ಕೊಂದು ಕಾರಣ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆಗಳ ಬಗ್ಗೆ ಕೇಳಿ. ರಾತ್ರಿ ಪಾಳಿಯವರ ಕತೆಯೇ ಬೇರೆ, ಅವರ ಮೈಯೊಳಗಿನ ಗಡಿಯಾರ ಆಫೀಸಿನ ಗಡಿಯಾರಕ್ಕೆ ಒಗ್ಗಿರುವುದಿಲ್ಲ.

ಇಷ್ಟಾದರೂ ಕಾರಣ ಸಿಗದಿದ್ದರೆ, ಮಷೀನಿನ ಎಣಿಕೆಗೆ ಬಾರದ ತೊಂದರೆಯೂ ಇರಬಹುದು. ಗಂಟಲು ಪೂರ್ತಿ ಮುಚ್ಚದೆ, ಕಿರಿದಾದ ದಾರಿಯಲ್ಲಿ ಉಸಿರೆಳೆಯಲು ಹೆಣಗಿ ಹೆಣಗಿ ಮಿದುಳು ಮತ್ತೆ ಮತ್ತೆ ಅರೆಎಚ್ಚರಗೊಳ್ಳುತ್ತದೆ. ಕೆಲವು ವರದಿಗಳಲ್ಲಿ ಇದರ ಸುಳಿವು 'ಫ್ಲೋ ಲಿಮಿಟೇಶನ್' ಎಂಬ ಸಾಲಿನಲ್ಲಿರುತ್ತದೆ. ಖಚಿತವಾಗಬೇಕಾದರೆ ಮಾಸ್ಕ್ ಹಾಕಿಕೊಂಡೇ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಬೇಕು. ಎಲ್ಲ ಸರಿಯಿದ್ದೂ ತೂಕಡಿಕೆ ಉಳಿಯುವ ಕೆಲವರಿದ್ದಾರೆ, ಅವರಿಗೆ ತಜ್ಞರ ಸಲಹೆಯ ಮೇಲೆ ಕೊಡುವ ಔಷಧಗಳಿವೆ.

ನನಗೆ ಹೆಚ್ಚು ಭಯ ಇದಕ್ಕೆ ತಿರುಗುಮುರುಗಾದ ಜೋಡಿಯದು: ಅಂಕಿ ಕೆಟ್ಟಿದೆ, ಆದರೆ 'ನಂಗೇನೂ ಆಗಿಲ್ಲ, ಚೆನ್ನಾಗೇ ಇದ್ದೀನಿ' ಎನ್ನುವವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವ್ಯಾನ್ ಡಾಂಗನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರನ್ನು 14 ದಿನ, ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಲು ಬಿಟ್ಟರು. ಅವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯಿತು. 'ನಿದ್ದೆ ಬರುತ್ತಿದೆಯೇ?' ಎಂಬ ಪ್ರಶ್ನೆಗೆ ಅವರ ಉತ್ತರ ಮಾತ್ರ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಂತಿತು. ಮೈ ಜೊಂಪಿಗೂ ಒಗ್ಗಿಬಿಡುತ್ತದೆ. ಇಂಥವರು ಮಗ್ಗುಲಲ್ಲಿ ಮಲಗುವವರನ್ನು ಕೇಳಬೇಕು, ಮಾಸ್ಕ್ ಇದ್ದೂ ಗೊರಕೆ ಕೇಳಿಸಿತೇ ಎಂದು. ವಾಹನ ಓಡಿಸುವಾಗ ಒಂದೇ ಒಂದು ಸಲ ರೆಪ್ಪೆ ಎಳೆದಿದ್ದರೂ, ಪರದೆ ಏನೇ ಹೇಳಲಿ, ಡಾಕ್ಟರನ್ನು ನೋಡುವವರೆಗೆ ಸ್ಟೀರಿಂಗ್ ಹಿಡಿಯಬೇಡಿ.

ಡಾಕ್ಟರ ಬಳಿ ಹೋಗುವಾಗ

30 ದಿನದ ವರದಿ ಅಥವಾ ಎಸ್‌ಡಿ ಕಾರ್ಡ್, ಮಾಸ್ಕ್, ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಸ್ಲೀಪ್ ಸ್ಟಡಿಯ ಕಾಗದ ಒಯ್ಯಿರಿ. ತೂಕ ಏರಿದ್ದರೆ, ಇಳಿದಿದ್ದರೆ ಹೇಳಿ. ಕ್ಯಾಲೆಂಡರನ್ನೂ ಮರೆಯಬೇಡಿ, ಗೋಡೆಯಿಂದ ಕಿತ್ತುಕೊಂಡು ಹೋಗಲು ನಾಚಿಕೆಯಾದರೆ ಫೋಟೊ ತೆಗೆದುಕೊಳ್ಳಿ.

ನಾನು ಗೋಡೆಯಿಂದಲೇ ಕಿತ್ತುಕೊಂಡು ಹೋಗಿದ್ದೆ. ಪ್ರೆಶರ್ ಏರಿಸಿಕೊಡಿ ಎಂದು ಕೇಳುವುದು ನನ್ನ ಇರಾದೆ. ವರದಿಯಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ: ಸರಾಸರಿ ಬಳಕೆ 6.4 ಗಂಟೆ, ಲೀಕ್ ಇಲ್ಲ, ಎಎಚ್‌ಐ 2ರ ಒಳಗೆ. ಡಾಕ್ಟರು ಕ್ಯಾಲೆಂಡರ್ ತಿರುವಿದರು, ಪಟ್ಟಿಯ ಮೇಲೆ ಬೆರಳಾಡಿಸಿದರು.

'ಮಂಗಳವಾರ, ಶುಕ್ರವಾರ ಮಾತ್ರ ತೂ ಅಂತ ಬರೆದಿದ್ದೀರಿ. ಆ ಎರಡು ದಿನ ಬಳಕೆ ಐದೇ ಗಂಟೆ. ಏನು ವಿಶೇಷ? ಉಪವಾಸ ಏನಾದ್ರೂ ಮಾಡ್ತೀರಾ?'

ನಾನು ಯೋಚಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಡತಿ ಹೇಳಿದಳು: 'ನೀರು ಬರೋ ದಿನ ಡಾಕ್ಟ್ರೇ. ನಾಲ್ಕು ಗಂಟೆಗೆ ಎದ್ದು ಸಂಪಿಗೆ ನೀರು ಬಿಟ್ಟು, ತುಂಬಿದ ಮೇಲೆ ವಾಲ್ವ್ ಮುಚ್ಚಿ ಬಂದು ಮಲಗ್ತಾರೆ. ಮಾಸ್ಕ್ ಮಾತ್ರ ಮತ್ತೆ ಹಾಕ್ಕೊಳಲ್ಲ.'

ಪ್ರೆಶರ್ ಇದ್ದಲ್ಲೇ ಇದೆ. ಶನಿವಾರ ಪ್ಲಂಬರ್ ಬಂದು ಸಂಪಿಗೆ ಫ್ಲೋಟ್ ವಾಲ್ವ್ ಕೂರಿಸಿ ಹೋದ.