ದಾರಿಯ ಹಕ್ಕು ಮತ್ತು ಸೈಕಲ್ ಸವಾರ

ಸೈಕಲ್ ಬಡವನ ವಾಹನ. ಅದು ಹೊಗೆ ಉಗುಳುವುದಿಲ್ಲ, ಸದ್ದು ಮಾಡುವುದಿಲ್ಲ. ಅದಕ್ಕೇ ಇರಬೇಕು, ಅದರ ಸವಾರನಿಗೆ ಯಾವ ನಿಯಮವೂ ಇಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸೈಕಲ್ಲಿಗೆಂದೇ ಪಥವಿದ್ದರೂ ಕಾಲುದಾರಿಯಲ್ಲಿ ನುಗ್ಗುವುದು, ಕೆಂಪು ದೀಪವನ್ನು ಲೆಕ್ಕಿಸದಿರುವುದು, ಎದುರು ದಿಕ್ಕಿನಿಂದ ಬರುವುದು, ರಾತ್ರಿ ದೀಪವಿಲ್ಲದೆ ಓಡಿಸುವುದು – ಇವನ್ನು ಪಾಪವೆಂದು ಎಣಿಸುವವರು ಎಷ್ಟು ಮಂದಿ?

ದಾರಿ ಬದಿಯಲ್ಲಿ ಕುಳಿತುಕೊಳ್ಳುವುದು ಅನಿವಾರ್ಯವೆಂದು ಸಹಾಬಿಗಳು ಹೇಳಿದಾಗ, ಹಾಗಿದ್ದರೆ ದಾರಿಯ ಹಕ್ಕನ್ನು ಕೊಡಿರಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕುಗಳಲ್ಲೊಂದು. ಸುಮ್ಮನೆ ಕುಳಿತವನಿಗೇ ಇಷ್ಟು ಹೊಣೆಯಿದ್ದರೆ ಚಕ್ರದ ಮೇಲೆ ಸಾಗುವವನ ಹೊಣೆ ಎಷ್ಟಿರಬೇಡ! ಸವಾರನೇ ಪಾದಚಾರಿಗೆ ಮೊದಲು ಸಲಾಮ್ ಹೇಳಬೇಕೆಂದು ಕಲಿಸಿದ ಧರ್ಮ ನಮ್ಮದು. ಗಂಟೆ ಬಾರಿಸಿ ವೃದ್ಧರನ್ನು ಬೆದರಿಸಲು ಇದರಲ್ಲಿ ಎಡೆಯೆಲ್ಲಿ?

ಹಜ್ಜ್‌ನ ವೇಳೆ ಅರಫಾದಿಂದ ಮರಳುವಾಗ ಹಿಂದಿನಿಂದ ಕೂಗಾಟವೂ ಒಂಟೆಗಳನ್ನು ಹೊಡೆಯುವ ಸದ್ದೂ ಕೇಳಿಸಿತು. ಪ್ರವಾದಿವರ್ಯರು(ಸ) ಜನರಿಗೆ ಶಾಂತರಾಗಿರಲು ಹೇಳಿ, ಪುಣ್ಯವು ಧಾವಂತದಲ್ಲಿಲ್ಲವೆಂದು ಎಚ್ಚರಿಸಿದರು. ಸ್ವತಃ ಅವರು ಜನಸಂದಣಿಯಲ್ಲಿ ನಿಧಾನವಾಗಿ ಸಾಗುತ್ತಿದ್ದರು. ತೆರವು ಸಿಕ್ಕಿದಾಗ ಮಾತ್ರ ವೇಗ ಹೆಚ್ಚಿಸುತ್ತಿದ್ದರು.

ಸಂಚಾರ ನಿಯಮಗಳು ಮನುಷ್ಯರು ಮಾಡಿದವು, ಧರ್ಮಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಇದಕ್ಕೆ ಉತ್ತರಿಸಿದ್ದಾರೆ. ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯ. ಏಕೆಂದರೆ ಅವು ಜನರ ಪ್ರಾಣ ಮತ್ತು ಸೊತ್ತಿನ ರಕ್ಷಣೆಗಾಗಿ ಇವೆ.

ನಮ್ಮ ಕರಾವಳಿಯ ಅನೇಕ ಯುವಕರು ದುಬೈಯಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ 2022ರ ನಿಯಮದಂತೆ ಸೈಕಲ್ ಸವಾರನು ಹೆಲ್ಮೆಟ್ ಧರಿಸಬೇಕು, ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ವೇಗಮಿತಿಯ ರಸ್ತೆಗೆ ಇಳಿಯಬಾರದು, ತಪ್ಪಿದರೆ ದಂಡ. ಅಲ್ಲಿ ಶಿಸ್ತಿನಿಂದ ಸಾಗುವವನು ರಜೆಯಲ್ಲಿ ಊರಿಗೆ ಬಂದಾಗ ಎದುರು ದಿಕ್ಕಿನಲ್ಲಿ ಓಡಿಸಿದರೆ, ಅವನು ಅಂಜಿದ್ದು ಯಾರಿಗೆ? ದಂಡದ ಭಯ ಗಡಿ ದಾಟಿದೊಡನೆ ಮುಗಿಯುತ್ತದೆ. ಅಲ್ಲಾಹನ ಭಯಕ್ಕೆ ಗಡಿಯಿಲ್ಲ.

ಸೈಕಲ್ ಪಥದಲ್ಲೇ ಕಾರು ನಿಲ್ಲಿಸಿರುತ್ತಾರೆ, ನಾವೇನು ಮಾಡೋಣ ಎಂಬ ದೂರಿನಲ್ಲಿ ಸತ್ಯವಿದೆ. ಕಾರು ನಿಲ್ಲಿಸಿದವನೂ ದಾರಿಯ ಹಕ್ಕನ್ನು ಕಸಿದವನೇ. ಆದರೆ ಅವನ ತಪ್ಪು ನಮ್ಮ ತಪ್ಪನ್ನು ಹಲಾಲ್ ಮಾಡುವುದಿಲ್ಲ. ಇಳಿದು ಹತ್ತು ಹೆಜ್ಜೆ ಸೈಕಲ್ ತಳ್ಳಿಕೊಂಡು ಹೋದರೆ ನಷ್ಟವೇನೂ ಇಲ್ಲ.

ಪ್ರಿಯ ಓದುಗರೇ, ಇಲ್ಲೊಂದು ಗಂಭೀರ ವಿಷಯವಿದೆ. ಅಲ್ಲಾಹನಿಗೆ ಸಂಬಂಧಿಸಿದ ಲೋಪವನ್ನು ಅವನು ತೌಬಾದಿಂದ ಕ್ಷಮಿಸಬಹುದು. ಮನುಷ್ಯರ ಹಕ್ಕಿನ ಲೋಪಕ್ಕೆ ಆ ಮನುಷ್ಯನ ಕ್ಷಮೆಯೂ ಬೇಕು. ನೀವು ತಾಗಿಸಿ ಬೀಳಿಸಿ ಹೋದ ಅಪರಿಚಿತ ಮುದುಕಿಯನ್ನು ಮತ್ತೆ ಎಲ್ಲಿ ಹುಡುಕುವಿರಿ? ಪರಲೋಕದಲ್ಲಿ ಆಕೆ ನಿಮ್ಮನ್ನು ಹುಡುಕಿಕೊಂಡು ಬಂದರೆ, ಕೊಡಲು ನಿಮ್ಮ ನಮಾಝ್, ಉಪವಾಸಗಳ ಪುಣ್ಯವಲ್ಲದೆ ಬೇರೇನಿದೆ?

ಮಕ್ಕಳಿಗೆ ಸೈಕಲ್ ಕೊಡಿಸುವ ತಂದೆತಾಯಂದಿರು ಬ್ರೇಕ್, ಗಂಟೆ, ದೀಪ ಸರಿಯಿದೆಯೇ ಎಂದು ನೋಡಲಿ. ಸವಾರಿಯ ದುಆದೊಂದಿಗೆ ಎಡಬದಿಯಲ್ಲಿ ಸಾಗುವುದನ್ನೂ, ನಡೆಯುವವರಿಗೆ ದಾರಿ ಬಿಡುವುದನ್ನೂ ಕಲಿಸಲಿ. ದಾರಿಯಿಂದ ಒಂದು ಮುಳ್ಳನ್ನು ಸರಿಸುವುದೂ ಈಮಾನಿನ ಭಾಗ. ನಾವೇ ದಾರಿಯ ಮುಳ್ಳಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.