ಉಚಿತ ತಂತ್ರಾಂಶದ ಜೊತೆ ನುಸುಳುವ ಪ್ರೋಗ್ರಾಂ: ತಡೆಯುವುದು ಹೇಗೆ, ತೆಗೆಯುವುದು ಹೇಗೆ?

ಪಿಡಿಎಫ್ ಜೋಡಿಸಲೆಂದೋ ವಿಡಿಯೊ ನೋಡಲೆಂದೋ ಉಚಿತ ತಂತ್ರಾಂಶವೊಂದನ್ನು ಹಾಕಿಕೊಳ್ಳುತ್ತೀರಿ. ಮರುದಿನ ಬ್ರೌಸರ್ ತೆರೆದರೆ ಮುಖಪುಟ ಬದಲಾಗಿರುತ್ತದೆ. ‘ಕಂಪ್ಯೂಟರಿನಲ್ಲಿ ದೋಷಗಳಿವೆ, ಸರಿಪಡಿಸಲು ಹಣ ಕಟ್ಟಿ’ ಎಂಬ ಎಚ್ಚರಿಕೆ ಪದೇ ಪದೇ ಮೇಲೇಳುತ್ತದೆ. ನೀವು ಹಾಕಿದ್ದು ಒಂದು ತಂತ್ರಾಂಶ, ಒಳಗೆ ಬಂದದ್ದು ಎರಡು ಮೂರು.

ಇದರ ಹಿಂದಿರುವುದು ಹಣದ ಲೆಕ್ಕ. ಒಂದು ಕಂಪ್ಯೂಟರಿಗೆ ಸೇರಿಸಿದರೆ ಇಂತಿಷ್ಟು ಎಂದು ಜಾಹೀರಾತು ಕಂಪನಿಗಳು ತಂತ್ರಾಂಶ ಹಂಚುವವರಿಗೆ ಹಣ ಕೊಡುತ್ತವೆ. ಹೆಸರಾಂತ ತಂತ್ರಾಂಶಗಳೂ ಇದಕ್ಕೆ ಹೊರತಲ್ಲ. ಜಾವಾ ಜೊತೆ ವರ್ಷಗಟ್ಟಲೆ ಆಸ್ಕ್ ಟೂಲ್‌ಬಾರ್ ಬರುತ್ತಿತ್ತು. 2015ರಲ್ಲಿ ಮ್ಯೂಟೊರೆಂಟ್ ಜೊತೆ ಬಂದ ‘ಎಪಿಕ್ ಸ್ಕೇಲ್’, ಬಳಕೆದಾರರ ಪ್ರೊಸೆಸರಿನ ಶಕ್ತಿಯಿಂದ ಕ್ರಿಪ್ಟೊಕರೆನ್ಸಿ ಗಣಿಗಾರಿಕೆ ನಡೆಸಿತ್ತು. ಕಣ್ಣಿಗೆ ಬೀಳದಂತೆ ಕೇಳಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಆದರೆ ಅದರ ಫಲ ಉಣ್ಣುವವರು ನಾವು. ಹಾಗಾಗಿ ವಿಂಡೋಸ್ ಬಳಸುವವರು ಈ ಕ್ರಮಗಳನ್ನು ಅನುಸರಿಸಿ.

ಒಳಗೆ ಬಿಡದಿರಲು

1. ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ವಿಎಲ್‌ಸಿ ಬೇಕಾದರೆ ವಿಡಿಯೊಲ್ಯಾನ್ ತಾಣಕ್ಕೆ ಹೋಗಿ. ‘ನುಡಿ’ ಬೇಕಾದರೆ ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣದಲ್ಲಿ ನೋಡಿ. ಹುಡುಕಾಟದಲ್ಲಿ ‘ಸ್ಪಾನ್ಸರ್ಡ್’ ಎಂದಿರುವ ಕೊಂಡಿಗಳು ಜಾಹೀರಾತು, ಅವನ್ನು ಬಿಡಿ. ಒಂದೇ ಪುಟದಲ್ಲಿ ನಾಲ್ಕಾರು ‘ಡೌನ್‌ಲೋಡ್’ ಬಟನ್‌ಗಳಿದ್ದರೆ ಆ ತಾಣವನ್ನೇ ಬಿಡಿ.

2. ‘ನೆಕ್ಸ್ಟ್’ ಒತ್ತುವ ಮುನ್ನ ಓದಿ. ‘ಎಕ್ಸ್‌ಪ್ರೆಸ್’ ಅಥವಾ ‘ರೆಕಮೆಂಡೆಡ್’ ಬದಲು ‘ಕಸ್ಟಮ್’ ಇಲ್ಲವೇ ‘ಅಡ್ವಾನ್ಸ್‌ಡ್’ ಆರಿಸಿ. ಆಗ ಜೊತೆಗೆ ಏನೇನು ಬರುತ್ತಿದೆ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಬೇಡದ್ದರ ಟಿಕ್ ತೆಗೆಯಿರಿ. ‘ಡಿಕ್ಲೈನ್’, ‘ಸ್ಕಿಪ್’ ಬಟನ್‌ಗಳು ಮಸುಕಾಗಿ ಕಂಡರೂ ಬಹುತೇಕ ಕೆಲಸ ಮಾಡುತ್ತವೆ.

3. ವಿಂಡೋಸ್‌ನ ಕಾವಲು ಹಾಕಿ. ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’, ಅಲ್ಲಿಂದ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್’ಗೆ ಹೋಗಿ. ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಮಾಡಿ, ಕೆಳಗಿನ ಎರಡೂ ಚೌಕಗಳಿಗೆ ಟಿಕ್ ಹಾಕಿ. 2020ರ ಮೇ ಆವೃತ್ತಿಯಿಂದ ವಿಂಡೋಸ್ 10ರಲ್ಲಿ ಈ ಸೌಲಭ್ಯವಿದೆ, ವಿಂಡೋಸ್ 11ರಲ್ಲೂ ಇದೆ.

ಈಗಾಗಲೇ ಬಂದಿದ್ದರೆ

4. ದಿನಾಂಕ ಹಿಡಿದು ಹುಡುಕಿ. ಮುಖ್ಯ ತಂತ್ರಾಂಶ ತೆಗೆದರೆ ಜೊತೆಯವು ಹೋಗುತ್ತವೆಂಬ ಭರವಸೆಯಿಲ್ಲ. ಅವು ಪ್ರತ್ಯೇಕ ಪ್ರೋಗ್ರಾಂಗಳು. ‘ಸೆಟ್ಟಿಂಗ್ಸ್’, ‘ಆ್ಯಪ್ಸ್’, ‘ಇನ್‌ಸ್ಟಾಲ್ಡ್ ಆ್ಯಪ್ಸ್’ಗೆ ಹೋಗಿ (ವಿಂಡೋಸ್ 10ರಲ್ಲಿ ‘ಆ್ಯಪ್ಸ್ ಆ್ಯಂಡ್ ಫೀಚರ್ಸ್’) ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಸೇರಿಕೊಂಡ ಅಪರಿಚಿತ ಹೆಸರುಗಳನ್ನು ‘ಅನ್‌ಇನ್‌ಸ್ಟಾಲ್’ ಮಾಡಿ. ‘ಮೈಕ್ರೊಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್’ ಎಂದು ಶುರುವಾಗುವವು ಮತ್ತು ಡ್ರೈವರ್‌ಗಳು ಬೇರೆ ತಂತ್ರಾಂಶಗಳಿಗೆ ಬೇಕು, ಅವನ್ನು ಮುಟ್ಟಬೇಡಿ.

5. ತಾನಾಗಿ ಶುರುವಾಗುವುದನ್ನು ನಿಲ್ಲಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಸ್ಟಾರ್ಟ್‌ಅಪ್’ ವಿಭಾಗದಲ್ಲಿ ಬೇಡದ್ದನ್ನು ‘ಡಿಸೇಬಲ್’ ಮಾಡಿ. ಇದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಹಿನ್ನೆಲೆಯಲ್ಲಿ ತಾನಾಗಿ ಏಳುವುದಷ್ಟೇ ನಿಲ್ಲುತ್ತದೆ.

6. ಬ್ರೌಸರ್ ಶುಚಿಗೊಳಿಸಿ. ‘ಎಕ್ಸ್‌ಟೆನ್ಶನ್ಸ್’ ಪಟ್ಟಿಯಲ್ಲಿ ನೀವು ಹಾಕದ್ದನ್ನು ತೆಗೆಯಿರಿ. ಮುಖಪುಟ ಆಗಲೂ ಸರಿಹೋಗದಿದ್ದರೆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ರಿಸೆಟ್’ ಮಾಡಿ. ಬುಕ್‌ಮಾರ್ಕ್‌ಗಳೂ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹೋಗುವುದಿಲ್ಲ.

7. ಪೂರ್ತಿ ತಪಾಸಣೆ ಮಾಡಿ. ವಿಂಡೋಸ್ ಸೆಕ್ಯುರಿಟಿಯ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ಫುಲ್ ಸ್ಕ್ಯಾನ್’ ಆರಿಸಿ. ಹಟಮಾರಿ ಪ್ರೋಗ್ರಾಂ ಇದ್ದರೆ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಬಳಸಿ. ಅದು ಕಂಪ್ಯೂಟರನ್ನು ಮರುಚಾಲನೆ ಮಾಡುವುದರಿಂದ ಮೊದಲೇ ಕೆಲಸ ಸೇವ್ ಮಾಡಿಕೊಳ್ಳಿ. ಇನ್ನೊಂದು ತಪಾಸಣೆ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಉಚಿತ ಆ್ಯಡ್‌ಡಬ್ಲ್ಯೂಕ್ಲೀನರ್ ಇದೆ. ಅದನ್ನೂ ಅವರ ತಾಣದಿಂದಲೇ ಪಡೆಯಿರಿ.

ಮಕ್ಕಳು, ಹಿರಿಯರು ಬಳಸುವ ಕಂಪ್ಯೂಟರಿಗೆ

ಅವರಿಗೆ ‘ಸ್ಟ್ಯಾಂಡರ್ಡ್’ ಖಾತೆ ಮಾಡಿಕೊಡಿ. ಹೆಚ್ಚಿನ ತಂತ್ರಾಂಶಗಳನ್ನು ಹಾಕಲು ಆಗ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕಾಗುತ್ತದೆ. ಪರದೆಯ ಮೇಲೆ ಮೂಡುವ ‘ಸಹಾಯವಾಣಿ’ ಸಂಖ್ಯೆಗೆ ಕರೆ ಮಾಡಬಾರದೆಂದು ಮನೆಯವರಿಗೆಲ್ಲ ಬಿಡಿಸಿ ಹೇಳಿ. ಅಂಥ ಕರೆಯಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ದೂರು ಕೊಡಿ.