ಏಪ್ರಿಲ್‌ನ ಅಸ್ಥಿರ ಹವೆ: ಕರಾವಳಿ ರೈತರು ವಾರದ ಕೆಲಸ ಹೊಂದಿಸಿಕೊಳ್ಳುವ ಬಗೆ

ಕರಾವಳಿಯ ರೈತರಿಗೆ ಮಳೆಗಾಲದ ಮಳೆ ಹೊಸದಲ್ಲ. ವರ್ಷದ ಮಳೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಅದಕ್ಕೆ ತಕ್ಕ ಸಿದ್ಧತೆ ಪ್ರತಿ ಮನೆಯಲ್ಲೂ ನಡೆಯುತ್ತದೆ. ಆದರೆ ರೇವತಿ, ಅಶ್ವಿನಿ ಮಳೆಗಳ ಕಾಲದಲ್ಲಿ, ಎಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ಒಂದು ಸಂಜೆ ಗುಡುಗಿ ಸುರಿದು ಹೋಗುವ ಮಳೆಗೆ ಸಿದ್ಧರಾಗಿರುವವರು ಕಡಿಮೆ. ಆಗ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಗದ್ದೆಯಲ್ಲಿ ನೆಲಗಡಲೆ ಬಲಿತಿರುತ್ತದೆ, ಗುಡ್ಡದಲ್ಲಿ ಗೇರುಬೀಜ ಉದುರುತ್ತಿರುತ್ತದೆ.

ಕುಂದಾಪುರದ ಕಡೆಯ ರೈತರೊಬ್ಬರು ಒಮ್ಮೆ ನನ್ನೊಡನೆ ಹೀಗೆಂದರು: "ಮೊನ್ನೆ ಮಳೆ ಬರುತ್ತದೆ ಅಂದಿರಿ ಸಾರ್, ಕಿತ್ತ ನೆಲಗಡಲೆಗೆಲ್ಲ ಟಾರ್ಪಾಲು ಹೊದಿಸಿದೆ. ಒಂದು ಹನಿ ಬೀಳಲಿಲ್ಲ. ನಿನ್ನೆ ನಂಬದೆ ಹಾಗೇ ಬಿಟ್ಟೆ, ಎಲ್ಲ ನೆನೆದು ಹೋಯಿತು. ಈ ಮುನ್ಸೂಚನೆ ಇಟ್ಟುಕೊಂಡು ನಾವು ಏನು ಮಾಡಬೇಕು?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಈ ಮಳೆಯ ಸ್ವಭಾವ

ಬೇಸಿಗೆಯಲ್ಲಿ ಹಗಲು ನೆಲ ಕಾದಾಗ ಸಮುದ್ರದ ಕಡೆಯಿಂದ ತೇವದ ಗಾಳಿ ಒಳನಾಡಿಗೆ ಬೀಸುತ್ತದೆ. ಅದು ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಮೋಡಗಳಾಗುತ್ತದೆ. ಮೇಲಿನ ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ಘಟ್ಟದಲ್ಲಿ ಹುಟ್ಟಿದ ಮೋಡ ಸಂಜೆಗೆ ಕರಾವಳಿಗೆ ಇಳಿಯುತ್ತದೆ. ಇಂತಹ ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರ್. ಆದ್ದರಿಂದಲೇ ಒಂದು ಊರಿನಲ್ಲಿ ತೋಡು ತುಂಬಿ ಹರಿದರೆ ಪಕ್ಕದ ಊರಿನಲ್ಲಿ ಧೂಳು ಹಾರುತ್ತಿರುತ್ತದೆ. ಮಳೆಗಾಲದ ಮಳೆಯಂತೆ ಇದು ಜಿಲ್ಲೆಗೆಲ್ಲ ಒಂದೇ ಸಮನೆ ಬರುವುದಿಲ್ಲ.

ಮುನ್ಸೂಚನೆಯ ಮಾತಿಗೆ ಅರ್ಥವೇನು?

ಹವಾಮಾನ ಇಲಾಖೆ ಬಳಸುವ ಪದಗಳಿಗೆ ನಿಶ್ಚಿತ ಅಳತೆಯಿದೆ. "ಒಂದೆರಡು ಕಡೆ ಮಳೆ" ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಾತ್ರ. "ಕೆಲವು ಕಡೆ" ಎಂದರೆ ಶೇಕಡಾ 26ರಿಂದ 50, "ಹಲವು ಕಡೆ" ಎಂದರೆ 51ರಿಂದ 75, "ಬಹುತೇಕ ಕಡೆ" ಎಂದರೆ ಅದಕ್ಕೂ ಹೆಚ್ಚು. ದಿನಕ್ಕೆ 15.5 ಮಿ.ಮೀ.ವರೆಗಿನ ಮಳೆಯನ್ನು ಹಗುರ, 15.6ರಿಂದ 64.4 ಮಿ.ಮೀ.ವರೆಗಿನದನ್ನು ಸಾಧಾರಣ, 64.5 ಮಿ.ಮೀ. ಮುಟ್ಟಿದ್ದನ್ನು ಭಾರಿ ಮಳೆ ಎನ್ನುತ್ತಾರೆ.

ಹೀಗಾಗಿ "ಒಂದೆರಡು ಕಡೆ ಮಳೆ" ಎಂದ ದಿನ ನಮ್ಮ ಅಂಗಳ ಒಣಗಿಯೇ ಉಳಿದರೆ ಮುನ್ಸೂಚನೆ ಸುಳ್ಳಾಯಿತು ಎನ್ನುವಂತಿಲ್ಲ. ನಾಲ್ಕರಲ್ಲಿ ಮೂರು ಊರುಗಳಿಗೆ ಮಳೆ ಇಲ್ಲವೆಂದೇ ಆ ಮಾತಿನ ಅರ್ಥ. ಆದರೆ ಆ ನಾಲ್ಕನೆಯ ಊರು ನಮ್ಮದೂ ಆಗಬಹುದು.

ಒಂದೇ ಮುನ್ಸೂಚನೆ, ಮೂರು ತೀರ್ಮಾನ

ಮುನ್ಸೂಚನೆಯನ್ನು ನಂಬಬೇಕೋ ಬಿಡಬೇಕೋ ಎಂದು ಕೇಳುವುದಕ್ಕಿಂತ, ತಪ್ಪಾದರೆ ನಷ್ಟವೆಷ್ಟು ಎಂದು ಕೇಳಿಕೊಳ್ಳುವುದು ಮೇಲು. ಆಗ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಉತ್ತರ ಸಿಗುತ್ತದೆ.

1. ಒಣಗಿಸುವ ಫಸಲು: ಹೊದಿಸಿದ ಮೇಲೆ ಮಳೆ ಬಾರದಿದ್ದರೆ ವ್ಯರ್ಥವಾಗುವುದು ಅರ್ಧ ಗಂಟೆಯ ದುಡಿಮೆ. ಹೊದಿಸದೆ ಮಳೆ ಬಂದರೆ ಹೋಗುವುದು ಫಸಲು. ಚಾಲಿ ಅಡಿಕೆ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಡುವೆ ನೆನೆದರೆ ಬೂಸು ಹಿಡಿದು ದರ್ಜೆ ಕೆಡುತ್ತದೆ. ನೆನೆದ ನೆಲಗಡಲೆಗೆ ಬರುವ ಬೂಸಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಆದ್ದರಿಂದ "ಒಂದೆರಡು ಕಡೆ" ಎಂದು ಹೇಳಿದ ದಿನವೂ ಸಂಜೆಗೆ ಹೊದಿಸಬೇಕು. ನಾಲ್ಕು ದಿನ ವ್ಯರ್ಥವಾಗಿ ಐದನೆಯ ದಿನ ಫಸಲು ಉಳಿದರೂ ಲಾಭವೇ.

2. ಸಿಂಪರಣೆ: ಔಷಧಿ ಹೊಡೆದ ಕೆಲವೇ ಗಂಟೆಗಳಲ್ಲಿ ಮಳೆ ಬಂದರೆ ಔಷಧಿ, ಕೂಲಿ ಎರಡೂ ತೊಳೆದು ಹೋಗುತ್ತವೆ. ಒಂದೆರಡು ದಿನ ಮುಂದೂಡಿದರೆ ಸಾಮಾನ್ಯವಾಗಿ ದೊಡ್ಡ ನಷ್ಟವಿಲ್ಲ. ಮುಂದೂಡಲಾಗದಿದ್ದರೆ ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲೇ ಮುಗಿಸಬೇಕು. ಮಧ್ಯಾಹ್ನದ ನಂತರ ಹೊಡೆಯಬಾರದು.

3. ನೀರಾವರಿ: ಇಲ್ಲಿ ಲೆಕ್ಕ ತಿರುಗುಮುರುಗು. ಮಳೆ ಬರುತ್ತದೆಂದು ನಂಬಿ ನೀರು ನಿಲ್ಲಿಸಿ, ಅದು ಬಾರದಿದ್ದರೆ ತೋಟ ಬಾಡುತ್ತದೆ. ಆದ್ದರಿಂದ ಮುನ್ಸೂಚನೆ ಕೇಳಿ ನೀರು ನಿಲ್ಲಿಸಬಾರದು; ಬಿದ್ದ ಮಳೆಯನ್ನು ಅಳೆದು ನಿಲ್ಲಿಸಬೇಕು.

ಮಳೆ ಅಳೆಯುವುದು ಸುಲಭ

ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ನೆಟ್ಟಗಿನ ಡಬ್ಬಿಯೊಂದನ್ನು ಮರ ಹಾಗೂ ಮಾಡಿನಿಂದ ದೂರ ಬಯಲಿನಲ್ಲಿ ಅಲುಗಾಡದಂತೆ ಇಡಿ. ಬೆಳಿಗ್ಗೆ 8.30ಕ್ಕೆ ನೀರಿನ ಆಳವನ್ನು ಸ್ಕೇಲಿನಿಂದ ನೋಡಿ. ಸ್ಕೇಲಿನ ಸೊನ್ನೆ ಗೆರೆ ಅಂಚಿನಲ್ಲೇ ಇರಬೇಕು.

1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಒಂದು ಮರದ ಪಾಲಿಗೆ 7.3 ಚದರ ಮೀಟರ್ ಜಾಗ. ಬೇಸಿಗೆಯಲ್ಲಿ 3ರಿಂದ 5 ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ನೀರು ಕೊಡುವುದು ಶಿಫಾರಸು. ಅಷ್ಟು ನೀರು ಮಳೆಯಿಂದಲೇ ಸಿಗಬೇಕಾದರೆ 24 ಮಿ.ಮೀ. ಬೀಳಬೇಕು. ಅಂಗಳ ಒದ್ದೆಯಾಗಿ, ಮಾಡಿನ ನೀರು ಸುರಿದು, 8 ಮಿ.ಮೀ. ಮಳೆಯಾದರೂ ಮರಕ್ಕೆ ಸಿಕ್ಕಿದ್ದು 58 ಲೀಟರ್ ಮಾತ್ರ. ಸೋಗೆಯಲ್ಲಿ ನಿಂತು ಆರಿಹೋದದ್ದನ್ನು ಕಳೆದರೆ ಇನ್ನೂ ಕಡಿಮೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವವರು ಸರದಿಯನ್ನು ಒಂದು ದಿನ ಮುಂದೆ ಹಾಕಬಹುದು, ಅಷ್ಟೆ. ಒಂದು ಮಳೆ ಬಂತೆಂದು ವಾರವಿಡೀ ಪಂಪು ನಿಲ್ಲಿಸುವುದು ತಪ್ಪು.

ವಾರದ ಯೋಜನೆ

ಜಿಲ್ಲಾ ಮಟ್ಟದ ಕೃಷಿ ಹವಾಮಾನ ಸಲಹೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಬರುತ್ತದೆ. ಅದರಲ್ಲಿ ಮುಂದಿನ ಐದು ದಿನಗಳ ಮುನ್ಸೂಚನೆ ಇರುತ್ತದೆ. 2019ರಲ್ಲಿ ಬಿಡುಗಡೆಯಾದ 'ಮೇಘದೂತ್' ಆ್ಯಪ್‌ನಲ್ಲಿ ಇದು ಮೊಬೈಲಿನಲ್ಲೇ ಸಿಗುತ್ತದೆ. ಮೊದಲ ಎರಡು ದಿನಗಳ ಮುನ್ಸೂಚನೆಗೆ ಇರುವ ಖಚಿತತೆ ಕೊನೆಯ ದಿನಗಳಿಗೆ ಇರುವುದಿಲ್ಲ. ಆದ್ದರಿಂದ ಮೊದಲ ಎರಡು ದಿನಗಳ ಕೆಲಸವನ್ನು ನಿರ್ಧರಿಸಿ. ಮೂರರಿಂದ ಐದನೆಯ ದಿನದ ಕೆಲಸಕ್ಕೆ ಸಿದ್ಧತೆ ಮಾತ್ರ ಮಾಡಿ. ಆಮೇಲಿನದನ್ನು ಮುಂದಿನ ಸಲಹೆ ನೋಡಿ ಗೊತ್ತುಮಾಡಿ.

ನೆಲಗಡಲೆ: ಗೊಂಚಲು ತಳಿಗಳ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಕಾಯಿ ಒದ್ದೆ ನೆಲದಲ್ಲಿ ಉಳಿದರೆ ಅಲ್ಲೇ ಮೊಳೆಯುತ್ತದೆ. ಹಾಗೆಂದು ಇಡೀ ಗದ್ದೆಯನ್ನು ಒಮ್ಮೆಗೇ ಕೀಳಬೇಡಿ. ಸಂಜೆಯೊಳಗೆ ಹೊದಿಸಲಾಗುವಷ್ಟನ್ನೇ ದಿನದಿನ ಕಿತ್ತು, ಕಾಯಿ ಮೇಲಾಗುವಂತೆ ಮಗುಚಿ ಒಣಗಿಸಿ.

ಗೇರು: ಬಿದ್ದ ಬೀಜವನ್ನು ಆಯಾ ದಿನವೇ ಹೆಕ್ಕಿ, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ ಚೀಲಕ್ಕೆ ತುಂಬಿ.

ಅಡಿಕೆ: ಅಂಗಳದ ಸುತ್ತ ಸಣ್ಣ ಕಣಿ ತೋಡಿ. ಮೇಲೆ ಟಾರ್ಪಾಲು ಇದ್ದರೂ ಕೆಳಗಿನಿಂದ ನೀರು ನುಗ್ಗಿದರೆ ಫಲವಿಲ್ಲ. ಬೆಳಿಗ್ಗೆ ಹೊದಿಕೆ ತೆಗೆದು ಹರವಲೇಬೇಕು. ಮುಚ್ಚಿಟ್ಟ ಅಡಿಕೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ.

ಸಿಡಿಲಿನ ಎಚ್ಚರಿಕೆ

ಫಸಲಿಗಿಂತ ಜೀವ ದೊಡ್ಡದು. ಮೋಡ ಕಂಡು ಅಂಗಳಕ್ಕೆ, ಗದ್ದೆಗೆ ಓಡುವ ಹೊತ್ತೇ ಸಿಡಿಲಿನ ಹೊತ್ತು. ಗುಡುಗು ಕೇಳಿಸಿತೆಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ ಎಂದೇ ತಿಳಿಯಬೇಕು. ಕೂಡಲೇ ದೋಟಿ, ಕತ್ತಿ, ಹಾರೆ ಬಿಟ್ಟು ಪಕ್ಕಾ ಮನೆಯೊಳಗೆ ಸೇರಿ. ಮರದಡಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಅಲ್ಪಸ್ವಲ್ಪ ನೆನೆದ ಫಸಲನ್ನು ಮತ್ತೆ ಒಣಗಿಸಬಹುದು. ಆದ್ದರಿಂದ ಹೊದಿಸುವ ಕೆಲಸ ಗುಡುಗು ಕೇಳಿದ ಮೇಲಲ್ಲ, ಮಧ್ಯಾಹ್ನ ಮೂರು ಗಂಟೆಗೇ ಮುಗಿಯಬೇಕು.

ಕುಂದಾಪುರದ ಆ ರೈತರಿಗೆ ಹೇಳಿದ ಮಾತನ್ನೇ ಎಲ್ಲರಿಗೂ ಹೇಳಬಹುದು: ಮೊದಲ ದಿನ ಟಾರ್ಪಾಲು ಹೊದಿಸಿದ್ದು ತಪ್ಪಲ್ಲ. ಎರಡನೆಯ ದಿನ ಬಿಟ್ಟದ್ದೇ ತಪ್ಪು. ನಿನ್ನೆ ಬಾರದ ಮಳೆ ಇಂದಿನ ಮಳೆಗೆ ಸಾಕ್ಷಿಯಲ್ಲ.